ಮೊದಲು ಮುಟ್ಟಿದ ಕಾರ್ಡು

“ಒಂದೇ ಒಂದು ಮಾತಮ್ಮ. ‘ರಿಪೋರ್ಟ್ ಸರಿಯಾಗಿದೆ’ ಅಂದ್ಬಿಡು. ಮನೆಗೆ ಹೋಗೋಣ.”

“ಅನ್ನಲ್ಲ ಸರ್.”

ಆಗ್ಲಿ ಸಾಹೇಬರು ಆಸ್ಪತ್ರೆಯ ಔಷಧಿ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದರು. ಗಿರಾಕಿ ಏನೇ ಕೇಳಲಿ, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ‘ಆಗ್ಲಿ, ಆಗ್ಲಿ’ ಅಂದುಬಿಡುವ ಈ ಸಾಫ್ಟ್‌ವೇರ್ ಕಂಪನಿ ಯಜಮಾನರಿಗೆ ಆ ಹೆಸರಿಟ್ಟವರು ಅವರ ಕೈಕೆಳಗಿನವರೇ. ಅವರೆದುರು ನಿಂತಿದ್ದ ಅವಳಿಗೂ ಆ ಕೈಕೆಳಗಿನವರೇ ಒಂದು ಹೆಸರಿಟ್ಟಿದ್ದರು, ತಕರಾರಮ್ಮ ಅಂತ. ಯಾರು ಬರೆದ ಕೋಡೇ ಆಗಲಿ, ಅವಳ ಕಣ್ಣಿಗೆ ಬಿದ್ದು ಒಂದಾದರೂ ತಕರಾರಿಲ್ಲದೆ ಪಾರಾದದ್ದಿಲ್ಲ. ಇವರಿಬ್ಬರೂ ಒಂದೇ ಸೂರಿನಡಿ ಇಷ್ಟು ಕಾಲ ಬಾಳಿದ್ದೇ ದೊಡ್ಡದು.

“ಔಷಧಿ ಬೀರುವಿನ ಕೋಡ್ ಬರೆದವಳು ನೀನು. ನೀನೇ ಸರಿ ಇದೆ ಅಂದ್ರೆ ಇನ್ಸ್‌ಪೆಕ್ಟರ್ ಮೇಡಂ ಮತ್ತೇನೂ ಕೇಳಲ್ಲ.”

“ಕೇಳಲ್ಲ. ನನ್ನ ನಾದಿನೀನ ಜೀಪು ಹತ್ತಿಸ್ತಾರೆ. ಅಷ್ಟೇ ತಾನೆ?”

ಸಾಹೇಬರು ಕೈಯಲ್ಲಿದ್ದ ಎರಡು ಫೋನುಗಳನ್ನು ಒಂದರ ಮೇಲೊಂದು ಜೋಡಿಸಿದರು, ಮತ್ತೆ ಬಿಡಿಸಿದರು.

“ಸರ್, ನಾನು ಬರೆದ ಸಾಲು ಈಗ ಅಲ್ಲಿಲ್ಲ. ಬೆಳಿಗ್ಗೆ ನೋಡ್ದೆ. ನಾನು ರಜೆಯಲ್ಲಿದ್ದಾಗ ಅದನ್ನ ಬದಲಾಯ್ಸಿದಾರೆ. ಬದಲಾಯ್ಸಿದವರ ಹೆಸರೂ ಅಲ್ಲೇ ಇದೆ. ನಿಮ್ಮದು.”

“ಆ ಮಾತು ಒಳಗೆ ಎತ್ತಿದ್ರೆ ನಾಳೆಯಿಂದ ನಿನ್ನ ಕುರ್ಚಿ ಬೇರೆಯವರದ್ದು. ತಿಳ್ಕೋ.”

“ಅದರ ಒಂದು ಕಾಲು ಕುಂಟು ಸರ್. ಬರೋರಿಗೆ ಮೊದಲೇ ಹೇಳಿಬಿಡಿ, ಪಾಪ ಬಿದ್ದಾರು.”

ಹಾಗಂದವಳೇ ಅವರ ತೋಳಿನ ಕೆಳಗಿಂದ ನುಸುಳಿ ಬಾಗಿಲು ತಳ್ಳಿದಳು.

ಔಷಧಿ ಕೋಣೆಗೆ ಕಿಟಕಿಯಿಲ್ಲ. ಮೂರು ಗೋಡೆಗೆ ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಪೇರಿಸಿಕೊಂಡು ನಿಂತಿದ್ದವು. ನಾಲ್ಕನೆಯ ಗೋಡೆಯಲ್ಲಿ ಉಕ್ಕಿನ ಬೀರು, ಅದರ ಪಕ್ಕದಲ್ಲಿ ಅಂಗೈಯಗಲದ ಕಾರ್ಡ್ ರೀಡರ್. ರೀಡರಿನ ಕೆಳಗೆ ಯಾರೋ ಅಂಟಿಸಿದ ಚೀಟಿ: ‘ದಯವಿಟ್ಟು ಕಾರ್ಡನ್ನು ಒಂದೇ ಸಲ ಮುಟ್ಟಿಸಿ’. ತೀವ್ರ ನೋವಿಗೆ ಕೊಡುವ ಇಂಜೆಕ್ಷನ್ನಿನ ಒಂದು ಇಡೀ ಡಬ್ಬಿ ಕಳೆದ ವಾರ ಮಾಯವಾಗಿದ್ದು ಇದೇ ಬೀರುವಿನಿಂದ.

ಬೀರುವಿಗೆ ಒಂದು ನಿಯಮವಿತ್ತು. ಒಬ್ಬರ ಕಾರ್ಡಿಗೆ ಅದು ತೆರೆಯುವಂತಿಲ್ಲ, ಇಬ್ಬರು ಬೇಕು. ಮೊದಲು ಕಾರ್ಡು ಮುಟ್ಟಿಸಿದವರು ಔಷಧಿ ತೆಗೆಯುವವರು, ಆಮೇಲೆ ಮುಟ್ಟಿಸಿದವರು ಬರೀ ಸಾಕ್ಷಿ. ಕಳುವಾದ ದಿನದ ರಿಪೋರ್ಟಿನಲ್ಲಿ ಮೊದಲ ಹೆಸರು ನಾದಿನಿಯದು, ಎರಡನೆಯದು ಫಾರ್ಮಸಿಸ್ಟನದು. ಕೈ ಹಾಕಿದವಳು ಅವಳು, ನಾನು ಪಕ್ಕದಲ್ಲಿ ನಿಂತಿದ್ದೆ ಅಷ್ಟೇ ಅಂತ ಅವನು. ಅವನೇ ಕರೆದ, ಸಾಕ್ಷಿಗೆ ಕಾರ್ಡು ಮುಟ್ಟಿಸಿ ವಾರ್ಡಿಗೆ ಓಡಿದೆ ಅಂತ ಇವಳು. ಇಬ್ಬರ ಬಾಯಿಮಾತಿನ ನಡುವೆ ರಿಪೋರ್ಟೇ ದೇವರಾಗಿ ಕೂತಿತ್ತು.

ನಾದಿನಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ನರ್ಸಿನ ಬಿಳಿ ಉಡುಪು, ಮಂಡಿಯ ಮೇಲೆ ಎರಡೂ ಕೈ. ಅತ್ತಿಗೆಯನ್ನು ಕಂಡು ಅವಳ ಮುಖ ಅರಳಬೇಕಿತ್ತು. ಅರಳಲಿಲ್ಲ.

“ನೀವ್ಯಾಕೆ ಬಂದ್ರಿ ಅತ್ತಿಗೆ?”

“ನಿಮ್ಮಣ್ಣ ಕಳಿಸಿದ್ರು ಕಣೇ. ನೀನು ಕರೀತೀಯ ಅಂತ ಕೂತಿದ್ರೆ ಕೂದಲು ನೆರೀತಿತ್ತು.”

ಅದು ನಿಜವೇ. ಬೆಳಿಗ್ಗೆ ಗಂಡ ಅವಳ ಚಪ್ಪಲಿಯನ್ನು ತಾನೇ ತಂದು ಬಾಗಿಲ ಬಳಿ ಇಟ್ಟಿದ್ದ. ಹಿಂದೆಂದೂ ಮಾಡದ ಸೇವೆ. ಸ್ಕೂಟರಿನಿಂದ ಬಿದ್ದು ಬೆನ್ನು ಉಳುಕಿಸಿಕೊಂಡು, ರಾತ್ರಿಯೆಲ್ಲ ನರಳಿ ಮನೆಮಂದಿಯ ನಿದ್ದೆ ಕೆಡಿಸಿದ ಮಹಾರಾಯ ಈಚೆಗೆ ಗೊರಕೆ ಹೊಡೆದು ಮಲಗುವಷ್ಟು ಸುಧಾರಿಸಿದ್ದ. ಅವನನ್ನು ನೋಡಿಕೊಳ್ಳಲೆಂದೇ ಅವಳು ಆಗ ರಜೆ ಹಾಕಿದ್ದು. “ತಂಗಿ ಕಡೆ ಮಾತಾಡು. ಆದ್ರೆ ಹಳೇದನ್ನೆಲ್ಲ ಕೆದಕೋಕೆ ಹೋಗ್ಬೇಡ” ಅಂದಿದ್ದ. ನಾದಿನಿಯ ಜೊತೆಗಿನ ಹಳೇ ಜಗಳಗಳನ್ನು ಅಂತ ಅವಳು ತಿಳಿದುಕೊಂಡಿದ್ದಳು.

ಇನ್ಸ್‌ಪೆಕ್ಟರ್ ಮೇಡಂ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಗಂಟಲಿಗೆ ಲವಂಗ ಚೀಪುತ್ತಿದ್ದರು. ದಪ್ಪ ದನಿ, ನಿದ್ದೆಗೆಟ್ಟ ಕಣ್ಣು.

“ಬರೆದವರು ನೀವೇ ಅಂತೆ. ನಾದಿನಿಗಾಗಿ ಸುಳ್ಳು ಹೇಳೋಕೆ ಬಂದಿಲ್ಲ ತಾನೆ?”

“ಮೇಡಂ, ನನಗೂ ಇವಳಿಗೂ ಎಣ್ಣೆ ಸೀಗೆಕಾಯಿ. ನಾನು ಮದುವೆಯಾಗಿ ಮನೆಗೆ ಬಂದ ವಾರದಲ್ಲೇ ‘ಅತ್ತಿಗೆಗೆ ಚಹಾ ಕುದಿಸೋಕೂ ಬರಲ್ಲ’ ಅಂತ ನೆಂಟರಿಗೆಲ್ಲ ಸಾರಿದವಳು.”

“ಈಗ್ಲೂ ಬರಲ್ಲ ಮೇಡಂ,” ಅಂದಳು ನಾದಿನಿ ನೆಲ ನೋಡುತ್ತ.

ಇನ್ಸ್‌ಪೆಕ್ಟರ್ ಲವಂಗವನ್ನು ಇನ್ನೊಂದು ದವಡೆಗೆ ಸರಿಸಿದರು. “ಸರಿ. ರಿಪೋರ್ಟ್ ಸರಿಯಾಗಿದೆಯಾ ಇಲ್ವಾ?”

ಆಗ್ಲಿ ಸಾಹೇಬರು ಕೆಮ್ಮಿದರು. ಬೀರುವಿನ ಪಕ್ಕದ ಸ್ಟೂಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಫಾರ್ಮಸಿಸ್ಟ್ ಕನ್ನಡಕ ತೆಗೆದು ಒರೆಸಿಕೊಂಡ. ನಲವತ್ತರ ಆಸುಪಾಸಿನ, ಇಸ್ತ್ರಿ ಮುರಿಯದ ಮನುಷ್ಯ. ಬಂದಾಗಿನಿಂದ ಅವನು ಆ ಕನ್ನಡಕ ಒರೆಸುತ್ತಲೇ ಇದ್ದ.

“ಇಲ್ಲ,” ಅಂದಳು ತಕರಾರಮ್ಮ. “ರಿಪೋರ್ಟಿನಲ್ಲಿ ಯಾರ ಹೆಸರು ಮುಂದಿದೆ ಅನ್ನೋದಕ್ಕೆ ಮೂರು ಕಾಸಿನ ಬೆಲೆ ಇಲ್ಲ.”

ಸಾಹೇಬರ ಕೆಮ್ಮು ಅಲ್ಲೇ ನಿಂತಿತು.

“ಅರ್ಥ ಆಗೋ ಹಾಗೆ ಹೇಳಿ,” ಅಂದರು ಇನ್ಸ್‌ಪೆಕ್ಟರ್.

ಅವಳು ಸುತ್ತ ನೋಡಿದಳು. ಮೇಜಿನ ಮೇಲೆ ರೋಗಿಗಳಿಗೆ ಕೊಡುವ ಮಾತ್ರೆ ಡಬ್ಬಿ ಇತ್ತು, ಒಂದು ಖಾನೆ ಬೆಳಿಗ್ಗೆಗೆ, ಒಂದು ಖಾನೆ ರಾತ್ರಿಗೆ. ಪಕ್ಕದಲ್ಲೊಂದು ಸ್ಟೀಲ್ ಬಟ್ಟಲು. ಎರಡನ್ನೂ ಎಳೆದುಕೊಂಡಳು.

“ಕಾರ್ಡು ಮುಟ್ಟಿಸಿದಾಗ ಈ ರೀಡರ್ ಆ ಹೆಸರುಗಳನ್ನ ನಮ್ಮ ಸರ್ವರಿಗೆ ಕಳಿಸತ್ತೆ. ಬರೋ ಮಾಹಿತಿ ಯಾವ ಆಕಾರದಲ್ಲಿರಬೇಕು ಅಂತ ನಾವು ಕೋಡಿನಲ್ಲಿ ಮೊದಲೇ ಬರೆದಿಡ್ತೀವಿ. ಅದಕ್ಕೆ ಟೈಪ್ ಹಿಂಟ್ ಅಂತಾರೆ. ಬರೀ ಗುರುತಿಗೆ ಬರೆದದ್ದು ಅಂತ ಎಷ್ಟೋ ಜನ ಅಂದ್ಕೋತಾರೆ.” ಅವಳು ಸಾಹೇಬರ ಕಡೆ ಬೇಕೆಂದೇ ನೋಡಿದಳು. “ನಮ್ಮ ವ್ಯವಸ್ಥೆಯಲ್ಲಿ ಅದೇ ಬಾಗಿಲು ಕಾಯೋದು. ಆಕಾರ ತಪ್ಪಿದ್ರೆ ಒಳಗೆ ಬಿಡಲ್ಲ.”

“ಹೂಂ.”

“ನಾನು ಬರೆದದ್ದು ಟ್ಯೂಪಲ್. ಈ ಡಬ್ಬಿ ಥರ. ಖಾನೆ ಎರಡೇ, ಹೆಚ್ಚಿಲ್ಲ ಕಮ್ಮಿಯಿಲ್ಲ. ಮೊದಲ ಖಾನೆಯಲ್ಲಿ ತೆಗೆಯೋರು, ಎರಡನೇದರಲ್ಲಿ ಸಾಕ್ಷಿ. ಅದರ ಕೆಳಗೆ ಇನ್ನೊಂದು ಸಾಲು: ಎರಡೂ ಖಾನೆಯಲ್ಲಿ ಒಂದೇ ಹೆಸರಿದ್ರೆ ಬೀರು ತೆಗೀಬೇಡ.”

“ಈಗ?”

“ಈಗ ಅಲ್ಲಿ ಟ್ಯೂಪಲ್ ಇಲ್ಲ, ಸೆಟ್ ಇದೆ. ಸೆಟ್ ಅಂದ್ರೆ ಈ ಬಟ್ಟಲು.” ಅವಳು ಡಬ್ಬಿಯ ಎರಡು ಮಾತ್ರೆಗಳನ್ನು ಬಟ್ಟಲಿಗೆ ಸುರಿದು ಅಲ್ಲಾಡಿಸಿದಳು. “ಏನೇನಿದೆ ಅಂತ ಹೇಳತ್ತೆ. ಯಾವುದು ಮೊದಲು ಬಂತು ಅಂತ ಹೇಳಲ್ಲ. ಹೌದೇನೇ?”

ಕೊನೆಯ ಪ್ರಶ್ನೆ ನಾದಿನಿಗೆ. ಅವಳು ಬಟ್ಟಲೊಳಗೆ ಬಗ್ಗಿ ನೋಡಿದಳು.

“ಬೆಳಗಿಂದ್ಯಾವುದು ರಾತ್ರೀದ್ಯಾವುದು ಗೊತ್ತಾಗಲ್ಲ,” ಅಂದಳು ಮೆಲ್ಲಗೆ. “ಹೀಗೆ ಮಾಡಿದ್ರೆ ವಾರ್ಡಿನಲ್ಲಿ ನಮ್ಮನ್ನ ಸುಮ್ನೆ ಬಿಡ್ತಾರಾ?”

ಮದುವೆಯಾದಾಗಿನಿಂದ ಇವರಿಬ್ಬರೂ ಒಂದು ವಿಷಯವನ್ನು ಒಪ್ಪಿಕೊಂಡದ್ದು ಬಹುಶಃ ಇದೇ ಮೊದಲು.

“ಆದ್ರೆ ರಿಪೋರ್ಟಿನಲ್ಲಿ ಒಂದು, ಎರಡು ಅಂತ ಸಾಲಾಗಿ ಬಂದಿದೆಯಲ್ಲ?” ಅಂದರು ಇನ್ಸ್‌ಪೆಕ್ಟರ್.

“ಒಳಗೆ ಹೋಗುವಾಗ ಸೆಟ್, ಹೊರಗೆ ಬರುವಾಗ ಲಿಸ್ಟ್ ಅಂತ ಬರೆದಿದೆ ಮೇಡಂ. ಬಟ್ಟಲಿಂದ ಕೈಗೆ ಸಿಕ್ಕಿದ್ದನ್ನ ತೆಗೆದು ಸಾಲಾಗಿ ಜೋಡಿಸಿದ್ರೆ ನೋಡೋರಿಗೆ ಸಾಲು ಅಂತಲೇ ಅನ್ಸತ್ತೆ. ಅದಕ್ಕೇ ಇಷ್ಟು ದಿನ ಯಾರಿಗೂ ಅನುಮಾನ ಬಂದಿಲ್ಲ.”

“ಬದಲಾಯ್ಸಿದ್ದು ಯಾರು?”

ತಕರಾರಮ್ಮ ಬಾಯಿ ತೆರೆಯುವ ಮೊದಲೇ ಆಗ್ಲಿ ಸಾಹೇಬರು ಶುರು ಮಾಡಿದರು. “ಮೇಡಂ, ಆಸ್ಪತ್ರೆಯವರದ್ದೇ ದೂರು. ಅವಸರದಲ್ಲಿ ನರ್ಸುಗಳು ಒಂದೇ ಕಾರ್ಡು ಎರಡೆರಡು ಸಲ ಮುಟ್ಟಿಸ್ತಿದ್ರು. ಎರಡು ಹೆಸರಿರೋ ಕಡೆ ಮೂರು ಬರ್ತಿತ್ತು. ಬೀರು ತೆಗೀತಿರಲಿಲ್ಲ. ರೋಗಿ ಅಲ್ಲಿ ಒದ್ದಾಡ್ತಿರ್ತಾರೆ, ಇಲ್ಲಿ ಬೀರು ಹಟ ಹಿಡಿದು ಕೂತಿದೆ. ಚೀಟಿ ಅಂಟಿಸಿದ್ರೂ ಕೇಳ್ಲಿಲ್ಲ. ಇವಳು ರಜೆ. ಸೆಟ್ ಹಾಕಿದ್ರೆ ಎರಡು ಸಲ ಬಂದ ಹೆಸರು ತಾನಾಗೇ ಒಂದಾಗತ್ತೆ. ಅದಕ್ಕೆ ನಾನು...”

“ಆಗ್ಲಿ ಅಂದ್ರಿ,” ಅಂದಳು ತಕರಾರಮ್ಮ.

“ಒಳ್ಳೇದಕ್ಕೇ ಮಾಡಿದ್ದಮ್ಮ!”

“ಗೊತ್ತು ಸರ್. ನೀವು ಕಳ್ಳರಲ್ಲ. ಆದ್ರೆ ನಿಮ್ಮ ಒಳ್ಳೇತನಕ್ಕೆ ಇವಳು ಜೈಲಿಗೆ ಹೋಗಬೇಕಾ?”

ಫಾರ್ಮಸಿಸ್ಟ್ ಕನ್ನಡಕ ಹಾಕಿಕೊಂಡ. “ಮಾತು ಚೆನ್ನಾಗಿದೆ ಮೇಡಂ. ಮಾತ್ರೆ, ಬಟ್ಟಲು, ಎಲ್ಲಾ ಸರಿ. ಬೀರು ಇಲ್ಲೇ ಇದೆಯಲ್ಲ? ಪರೀಕ್ಷೆ ಮಾಡಿ ನೋಡೋಣ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?”

“ಅದನ್ನೇ ಕೇಳೋಣ ಅಂತಿದ್ದೆ,” ಅಂದಳು ಅವಳು, ಲ್ಯಾಪ್‌ಟಾಪ್ ತೆರೆಯುತ್ತ.

ಮೊದಲ ಸಲ ನಾದಿನಿ ಮೊದಲು ಕಾರ್ಡು ಮುಟ್ಟಿಸಿದಳು, ಫಾರ್ಮಸಿಸ್ಟ್ ಆಮೇಲೆ. ರೀಡರ್ ಎರಡು ಸಲ ಕುಂಯ್ಗುಟ್ಟಿ, ಒಂದು ಗಳಿಗೆ ತಡೆದು ಬೀರುವಿನ ಬೀಗ ಬಿಚ್ಚಿತು. ಸ್ಪ್ರಿಂಗ್ ಇದ್ದ ಬಾಗಿಲು ರಪ್ಪನೆ ಆಚೆಗೆ ಹಾರಿತು. ಲ್ಯಾಪ್‌ಟಾಪಿನಲ್ಲಿ ಹೊಸ ಸಾಲು ಮೂಡಿತು. ಮೊದಲ ಹೆಸರು ನರ್ಸ್, ಎರಡನೆಯದು ಫಾರ್ಮಸಿಸ್ಟ್.

“ಸರಿಯಾಗೇ ಬಂತಲ್ಲ!” ಸಾಹೇಬರಿಗೆ ಹೋದ ಜೀವ ಬಂದಿತ್ತು.

ಫಾರ್ಮಸಿಸ್ಟ್ ನಕ್ಕ. ಇನ್ಸ್‌ಪೆಕ್ಟರ್ ಹುಬ್ಬೇರಿಸಿದರು. ತಕರಾರಮ್ಮನ ಕಿವಿ ಬಿಸಿಯಾಯಿತು, ಆದರೆ ದನಿ ಅಲುಗಲಿಲ್ಲ.

“ನಿಂತ ಗಡಿಯಾರವೂ ದಿನಕ್ಕೆರಡು ಸಲ ಸರಿಯಾದ ಸಮಯ ತೋರಿಸತ್ತೆ. ಈಗ ಇವರು ಮೊದಲು ಮುಟ್ಟಿಸಲಿ.”

ಬಾಗಿಲು ಮುಚ್ಚಿದರು. ಈ ಸಲ ಫಾರ್ಮಸಿಸ್ಟ್ ಮೊದಲು, ನಾದಿನಿ ಆಮೇಲೆ. ಬೀರು ತೆರೆಯಿತು. ಎಲ್ಲರ ತಲೆಗಳೂ ಲ್ಯಾಪ್‌ಟಾಪಿನ ಮೇಲೆ ಬಾಗಿದವು.

ಮೊದಲ ಹೆಸರು ನರ್ಸ್. ಎರಡನೆಯದು ಫಾರ್ಮಸಿಸ್ಟ್.

ಇನ್ಸ್‌ಪೆಕ್ಟರ್ ಎದ್ದು ಬಂದರು. ಇಬ್ಬರ ಕಾರ್ಡನ್ನೂ ತಾವೇ ಇಸಿದುಕೊಂಡು, ಫಾರ್ಮಸಿಸ್ಟನದನ್ನು ಮೊದಲು, ನರ್ಸಿನದನ್ನು ನಂತರ, ತಮ್ಮ ಕೈಯಾರೆ ಮುಟ್ಟಿಸಿದರು. ಪರದೆಯ ಮೇಲೆ ಮತ್ತೆ ಅದೇ ನರ್ಸು, ಅದೇ ಫಾರ್ಮಸಿಸ್ಟು.

“ಯಾರು ಮೊದಲು ಮುಟ್ಟಿಸಿದ್ರೂ ಇವಳದ್ದೇ ಹೆಸರು ಮೊದಲು,” ಅಂದರು.

“ಇವತ್ತಿಗೆ ಹಾಗೆ ಮೇಡಂ. ಸರ್ವರ್ ನಿಲ್ಸಿ ಮತ್ತೆ ಶುರು ಮಾಡಿದ್ರೆ ಇವರದ್ದೇ ಮುಂದೆ ಬಂದ್ರೂ ಬರಬಹುದು. ಬಟ್ಟಲಿಂದ ಯಾವುದು ಮೊದಲು ಕೈಗೆ ಸಿಗತ್ತೆ ಅನ್ನೋದು ಅದರ ಇಷ್ಟ.”

“ಹಾಗಾದ್ರೆ ಕಳುವಾದ ದಿನ ಮೊದಲು ಮುಟ್ಟಿದ ಕಾರ್ಡು ಯಾರದ್ದು?”

“ಈ ಬೀರುವಿಗೆ ಗೊತ್ತಿಲ್ಲ. ಗೊತ್ತಿರೋ ಹಾಗೆ ನಟಿಸ್ತಿತ್ತು.”

ಇನ್ಸ್‌ಪೆಕ್ಟರ್ ನಾದಿನಿಯ ಕಡೆ ತಿರುಗಿ, ಕೈಯಲ್ಲಿದ್ದ ಟೋಪಿಯನ್ನು ಪೆಟ್ಟಿಗೆಯ ಮೇಲಿಟ್ಟರು. “ಇವರನ್ನ ಕರ್ಕೊಂಡು ಹೋಗೋಕೆ ನನ್ನ ಹತ್ರ ಇದ್ದದ್ದು ಇದೊಂದೇ. ಇದೂ ಹೋಯ್ತು.”

ಆ ಮಾತು ಕೇಳಿ ತಕರಾರಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೆಲಸ ಹೋಗುವುದು ಖಂಡಿತ, ಆದರೆ ಹೋಗುವ ಮುನ್ನ ಒಂದು ಮನೆಮಗಳನ್ನು ಜೀಪಿನಿಂದ ಇಳಿಸಿದ ತೃಪ್ತಿ. ನಾದಿನಿ ಅವಳ ಸೆರಗಿನ ತುದಿ ಹಿಡಿದು ಎಳೆದಳು.

“ಸಾಕು ಅತ್ತಿಗೆ. ಇಷ್ಟಕ್ಕೇ ಬಿಟ್ಬಿಡಿ. ಮನೆಗೆ ಹೋಗೋಣ.”

ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಫಾರ್ಮಸಿಸ್ಟ್ ಬಿಡಬೇಕಲ್ಲ.

“ಒಂದು ನಿಮಿಷ ಮೇಡಂ,” ಅಂದ ಅವನು, ಬೀರುವಿನ ಪಕ್ಕದ ತನ್ನ ಸ್ಟೂಲಿನಲ್ಲಿ ಮತ್ತೆ ಕೂರುತ್ತ, ಸಾವಕಾಶವಾಗಿ. “ಯಾರು ಮೊದಲು ಅನ್ನೋದು ಗೊತ್ತಿಲ್ಲ, ಸರಿ. ಆದ್ರೆ ಇಬ್ಬರಿಲ್ದೆ ಬೀರು ತೆಗೆಯಲ್ಲ ಅನ್ನೋದಂತೂ ಖಂಡಿತ ತಾನೆ? ನಾನು ಕದ್ದೆ ಅಂತಲೇ ಇಟ್ಕೊಳ್ಳಿ. ಪಕ್ಕದಲ್ಲಿ ಇವಳು ಇದ್ಲಲ್ಲ. ಒಂದು ಕೈಯಲ್ಲಿ ಚಪ್ಪಾಳೆ ಆಗತ್ತಾ?”

ತಕರಾರಮ್ಮನ ಮೂಗಿನ ತುದಿಯಲ್ಲೇ ಇದ್ದ ಕೋಪ ನೆತ್ತಿಗೇರಿತು.

“ಇಬ್ಬರು ಬೇಕೇ ಬೇಕು ಅಂತ ಯಾರು ಹೇಳಿದ್ದು?”

ನಾದಿನಿ ಮತ್ತೊಮ್ಮೆ ಸೆರಗು ಎಳೆದಳು. ಅವಳು ಬಿಡಿಸಿಕೊಂಡಳು.

“ಸೆಟ್ಟಿನಲ್ಲಿ ಮೊದಲನೇದು ಎರಡನೇದು ಅನ್ನೋದೇ ಇಲ್ಲ ಮೇಡಂ. ಹಾಗಾಗಿ ನಾನು ಬರೆದಿದ್ದೆನಲ್ಲ, ಎರಡೂ ಒಂದೇ ಹೆಸರಾದ್ರೆ ತೆಗೀಬೇಡ ಅಂತ, ಆ ಸಾಲು ಅಲ್ಲಿ ನಡೆಯಲ್ಲ. ಸರ್ ಅದನ್ನ ಅಳಿಸಿದಾರೆ. ಸೆಟ್ ಹೇಗೂ ಎರಡನೇ ಸಲ ಬಂದದ್ದನ್ನ ಇಟ್ಕೊಳಲ್ಲ, ಇನ್ನು ಈ ಕಾವಲು ಯಾಕೆ ಅಂತ. ಸರಿ, ಇಟ್ಕೊಳಲ್ಲ. ಆದ್ರೆ ಒಂದು ಹೆಸರು ಉಳಿಯತ್ತಲ್ಲ? ಉಳಿದದ್ದು ಎರಡು ಇದೆಯಾ ಅಂತ ಎಣಿಸೋರು ಯಾರು?”

ಆಗ್ಲಿ ಸಾಹೇಬರು ಗೋಡೆಗೆ ಒರಗಿದರು. ಅವರಿಗೆ ಈಗಷ್ಟೇ ಹೊಳೆದಿತ್ತು ಅಂತ ಮುಖವೇ ಹೇಳುತ್ತಿತ್ತು.

“ಅವರ ಕಾರ್ಡನ್ನೇ ಎರಡು ಸಲ ಮುಟ್ಟಿಸಿ ಮೇಡಂ,” ಅಂದಳು ತಕರಾರಮ್ಮ.

ಇನ್ಸ್‌ಪೆಕ್ಟರ್ ಬೀರು ಮುಚ್ಚಿ ಫಾರ್ಮಸಿಸ್ಟನ ಕಾರ್ಡು ಎತ್ತಿದರು. ಒಂದು ಸಲ ಮುಟ್ಟಿಸಿದರು. ಕುಂಯ್. ಕೈ ಹಿಂದಕ್ಕೆ ತೆಗೆದು, ಮತ್ತೆ ಮುಂದಕ್ಕೆ ಚಾಚಿದರು.

ಎಲ್ಲರೂ ಇನ್ಸ್‌ಪೆಕ್ಟರ್ ಕೈಯನ್ನು ನೋಡುತ್ತಿದ್ದರು. ತಕರಾರಮ್ಮ ಮಾತ್ರ ಫಾರ್ಮಸಿಸ್ಟನನ್ನು ನೋಡುತ್ತಿದ್ದಳು. ಕಾರ್ಡು ಎರಡನೇ ಸಲ ರೀಡರನ್ನು ಮುಟ್ಟುವ ಮೊದಲೇ ಅವನು ತನ್ನ ಮಂಡಿಯನ್ನು ಬೀರುವಿನ ಬಾಗಿಲ ದಾರಿಯಿಂದ ಪಕ್ಕಕ್ಕೆ ಸರಿಸಿಕೊಂಡ.

ಕುಂಯ್. ಒಂದು ಗಳಿಗೆ. ಬಾಗಿಲು ರಪ್ಪನೆ ಹಾರಿ, ಅವನ ಮಂಡಿ ಮೊದಲಿದ್ದ ಜಾಗದಲ್ಲಿ ತೂಗಾಡಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಒಬ್ಬರ ಕಾರ್ಡಿಗೆ ಬೀರು ತೆರೆಯಲ್ಲ ಅಂತ ಈಗ ತಾನೇ ಆಣೆಯಿಟ್ಟ ಹಾಗೆ ಹೇಳಿದವನು, ತೆರೆಯುವ ಬಾಗಿಲಿಗೆ ದಾರಿ ಬಿಟ್ಟುಕೊಟ್ಟಿದ್ದ.

“ನಿಮಗೆ ಗೊತ್ತಿತ್ತು,” ಅಂದಳು ಅವಳು.

“ಏನು?”

“ಇದು ಒಬ್ಬರ ಕಾರ್ಡಿಗೂ ತೆರೆಯತ್ತೆ ಅಂತ. ಮಂಡಿ ಯಾಕೆ ಸರಿಸಿದ್ರಿ?”

“ಕಾಲು ಜೋಮು ಹಿಡಿದಿತ್ತಮ್ಮ.” ಫಾರ್ಮಸಿಸ್ಟ್ ಮತ್ತೆ ಕನ್ನಡಕ ತೆಗೆದ. ಅವನ ಮುಖದಲ್ಲಿ ಗಾಬರಿ ಹುಡುಕಿದಳು. ಎಳ್ಳಷ್ಟೂ ಇರಲಿಲ್ಲ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

“ಹೀಗೆ ಒಬ್ಬರೇ ತೆಗೆದಿದ್ರೆ ರಿಪೋರ್ಟಿನಲ್ಲಿ ಏನು ಬರತ್ತೆ?” ಇನ್ಸ್‌ಪೆಕ್ಟರ್ ಕೇಳಿದರು.

“ಒಂದೇ ಹೆಸರು. ಎರಡನೇದರ ಜಾಗ ಖಾಲಿ. ಏನೂ ಕಾಣೆಯಾಗದ ದಿನದ ಸಾಲನ್ನ ಯಾರೂ ತೆಗೆದು ನೋಡಲ್ಲ. ಈಗ ನೋಡೋಣ. ಸಾಲು ಬದಲಾದ ದಿನದಿಂದ ನಿನ್ನೆವರೆಗೆ, ಒಂದೇ ಹೆಸರಿರೋದನ್ನ ಮಾತ್ರ ಕೊಡು ಅಂತ ಕೇಳ್ತೀನಿ.”

“ಧಾರಾಳವಾಗಿ ಕೇಳಿ,” ಅಂದ ಫಾರ್ಮಸಿಸ್ಟ್. “ನನ್ನದೇನೂ ಅಭ್ಯಂತರ ಇಲ್ಲ.”

“ಅತ್ತಿಗೆ.” ನಾದಿನಿ ಸ್ಟೂಲಿನಿಂದ ಎದ್ದು ನಿಂತಿದ್ದಳು. “ಬೇಡ.”

“ಸುಮ್ನಿರೇ. ಹೆದರ್ಕೊಂಡು ಹೆದರ್ಕೊಂಡೇ ಇವರ ಕೈಗೆ ಸಿಕ್ಕಿಬಿದ್ದಿದ್ದು ನೀನು. ಇವತ್ತು ಇವನ ಬಣ್ಣ ಬಯಲು ಮಾಡದೆ ಈ ಕೋಣೆಯಿಂದ ನಾನು ಕದಲಲ್ಲ.”

ಬೆರಳು ಕೀಲಿಮಣೆಯ ಮೇಲೆ ಬಿತ್ತು. ಪರದೆ ಒಂದು ಕ್ಷಣ ಬಿಳಿಯಾಯಿತು. ಆಮೇಲೆ ಒಂದು ಸಾಲು ಮೂಡಿತು. ಒಂದೇ ಒಂದು.

ಎರಡನೇ ಹೆಸರಿನ ಜಾಗ ಖಾಲಿ. ಮೊದಲನೆಯದು ಫಾರ್ಮಸಿಸ್ಟನ ಹೆಸರಲ್ಲ. ನಾದಿನಿಯದು. ಡಬ್ಬಿ ಮಾಯವಾಗುವುದಕ್ಕೆ ಬಹಳ ಮುಂಚಿನ ದಿನ, ತಕರಾರಮ್ಮ ಇನ್ನೂ ರಜೆಯಲ್ಲಿದ್ದಾಗ.

ಅವಳು ಪರದೆಯನ್ನು ಇನ್ನೊಮ್ಮೆ ಓದಿದಳು. ಬದಲಾಗಲಿಲ್ಲ. ತಾನು ತೋಡಿದ ಹಳ್ಳ, ಬಿದ್ದವಳು ನಾದಿನಿ. ಫಾರ್ಮಸಿಸ್ಟನಿಗ್ಯಾಕೆ ಗಾಬರಿಯಿಲ್ಲ ಅಂತ ಈಗ ಅರ್ಥವಾಯಿತು. ಒಂಟಿ ಕಾರ್ಡಿನ ಗುಟ್ಟನ್ನು ಅವನು ಮಾಡಿ ತಿಳಿದವನಲ್ಲ, ಯಾವತ್ತೋ ಈ ಬಾಗಿಲಲ್ಲಿ ನಿಂತು ನೋಡಿ ತಿಳಿದವನು. ನೋಡಿದವನು ಸುಮ್ಮನಿದ್ದ. ಸಮಯಕ್ಕೆ ಬರಲಿ ಅಂತ ಇಟ್ಟುಕೊಂಡಿದ್ದ.

ಇನ್ಸ್‌ಪೆಕ್ಟರ್ ಅವಳ ಭುಜದ ಮೇಲಿಂದ ಬಗ್ಗಿ ಓದಿದರು. ಲವಂಗ ಕಡಿದ ಸದ್ದು ಕೇಳಿಸಿತು.

“ಈ ಸಾಲನ್ನ ನಂಬಬಹುದಾ?”

ಆಗ್ಲಿ ಸಾಹೇಬರು ಪಕ್ಕಕ್ಕೆ ಬಂದು, ತುಟಿ ಅಲುಗಿಸದೆ ಪಿಸುಗುಟ್ಟಿದರು. “ಇದೂ ಯಂತ್ರದ ತಪ್ಪೇ ಅಂದ್ಬಿಡಮ್ಮ. ಈಗ ನೀನು ಏನಂದ್ರೂ ನಂಬ್ತಾರೆ. ನಿನ್ನವಳೂ ಉಳೀತಾಳೆ, ಕಂಪನೀನೂ ಉಳಿಯತ್ತೆ.”

ಬೆಳಗಿನಿಂದ ಅವಳ ಬಾಯಿಂದ ಹೊರಡಿಸಲು ಸಾಹೇಬರು ಒದ್ದಾಡಿದ್ದು ಒಂದೇ ಒಂದು ಮಾತಿಗೆ. ಈಗ ‘ಈ ಸಾಲು ಸುಳ್ಳು’ ಅನ್ನುವ ಒಂದು ಮಾತು ಸಾಕಿತ್ತು. ನಾದಿನಿಯ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ತಕರಾರಮ್ಮನಿಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟು ಸಾಹೇಬರ ಮೇಲೆ, ಫಾರ್ಮಸಿಸ್ಟನ ಮೇಲೆ, ಈ ಮಂಕು ಹುಡುಗಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಬಟ್ಟಲಿನ ಸುಳ್ಳನ್ನು ಬೆಳಿಗ್ಗೆಯಿಂದ ಜಾಡಿಸಿದವಳು ಈಗ ತಾನೇ ಒಂದು ಸುಳ್ಳು ಹೇಳಿದರೆ, ಈ ಫಾರ್ಮಸಿಸ್ಟ್ ಅದನ್ನೂ ಜೇಬಿಗೆ ಹಾಕಿಕೊಂಡು ಹೋಗುತ್ತಾನೆ.

“ನಂಬಬಹುದು ಮೇಡಂ,” ಅಂದಳು, ಕಡ್ಡಿ ಮುರಿದ ಹಾಗೆ. “ಹೆಸರು ಒಂದೇ ಇರೋ ಕಡೆ ಹಿಂದುಮುಂದಾಗೋಕೆ ಏನೂ ಇಲ್ಲ. ಅವತ್ತು ಬೀರು ತೆಗೆದದ್ದು ಇವಳೇ, ಒಬ್ಬಳೇ. ಆದ್ರೆ ಡಬ್ಬಿ ಹೋದ ದಿನ ಇದಲ್ಲ. ಅದನ್ನೂ ಬರ್ಕೊಳ್ಳಿ.”

ಫಾರ್ಮಸಿಸ್ಟ್ ಒರೆಸುವುದನ್ನು ನಿಲ್ಲಿಸಿದ. ಆಗಲೇ ಮೊದಲ ಸಲ.

ಇನ್ಸ್‌ಪೆಕ್ಟರ್ ನಾದಿನಿಯ ಎದುರು ಬಂದು ನಿಂತರು. “ಏನು ತೆಗೆದ್ರಿ? ಯಾರಿಗೆ?”

“ಒಂದೇ ಒಂದು ಇಂಜೆಕ್ಷನ್,” ಅಂದಳು ನಾದಿನಿ. ಅವಳ ಗದ್ದ ಮೇಲೆದ್ದಿತ್ತು. ಬೆಳಗಿನಿಂದ ನೆಲ ನೋಡಿದವಳು ಈಗ ನೇರ ನೋಡುತ್ತಿದ್ದಳು. “ಯಾರಿಗೆ ಅಂತ ಹೇಳಲ್ಲ. ಬೇಕಾದ್ರೆ ಜೀಪು ಹತ್ತಿಸಿ.”

“ಹೇಳೇ!” ತಕರಾರಮ್ಮ ಕಿರುಚಿದಳು. “ನಾನು ಕೇಳ್ತಿದೀನಿ, ಹೇಳೇ!”

“ಅದಕ್ಕೇ ಬೇಡ ಅಂದೆ ಅತ್ತಿಗೆ. ಮೂರು ಸಲ ತಡೆದೆ.” ನಾದಿನಿಯ ದನಿ ಒಡೆಯಿತು. “ಮನೆಗೆ ಹೋಗಿ ಅಣ್ಣನ್ನ ಕೇಳಿ.”

ರಾತ್ರಿಯೆಲ್ಲ ನರಳುತ್ತಿದ್ದ ಬೆನ್ನು ನೆನಪಾಯಿತು. ಇದ್ದಕ್ಕಿದ್ದಂತೆ ಒಂದು ದಿನ ಶುರುವಾದ ಗೊರಕೆ ನೆನಪಾಯಿತು. ‘ಅಬ್ಬ, ಅಂತೂ ವಾಸಿಯಾಯ್ತಲ್ಲ’ ಅಂತ ತಾನು ನಿಟ್ಟುಸಿರು ಬಿಟ್ಟಿದ್ದೂ ನೆನಪಾಯಿತು.

ಮೇಜಿನ ಮೇಲಿದ್ದ ಅವಳ ಫೋನು ಆಗಲೇ ನಡುಗತೊಡಗಿತು. ಪರದೆಯಲ್ಲಿ ಗಂಡನ ಹೆಸರು. ಇನ್ಸ್‌ಪೆಕ್ಟರ್ ಕೈ ಚಾಚಿದರು.

ತಕರಾರಮ್ಮ ಫೋನನ್ನು ಅವರಿಗಿಂತ ಮೊದಲು ಎತ್ತಿಕೊಂಡಳು. “ಬೇಡ ಮೇಡಂ. ಇಷ್ಟು ಮಾಡಿದವಳು ಇದನ್ನೂ ನಾನೇ ಮಾಡ್ತೀನಿ.”

ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಒತ್ತಿ, ಫೋನನ್ನು ಮಾತ್ರೆಗಳಿದ್ದ ಬಟ್ಟಲಿನ ಪಕ್ಕ ಇಟ್ಟಳು.

“ಏನಾಯ್ತೇ?” ಗಂಡನ ದನಿ ಕೋಣೆ ತುಂಬಿತು. “ಬಿಟ್ರಾ ಅವಳನ್ನ? ಹಳೇದೇನೂ ಕೆದಕಲಿಲ್ಲ ತಾನೆ? ಯಾಕೆ ಅಂದ್ರೆ, ಕಳುವಾದ ಆ ಇಂಜೆಕ್ಷನ್ ಡಬ್ಬಿ ಈಗ ನನ್ನ ಕೈಯಲ್ಲೇ ಇದೆ.”